ಬಿಸಿಲಿಗೂ ಮಳೆಗೂ ಒಂದೇ ಟೈರು

ಕಡೂರಿನಲ್ಲಿ ತೀರ್ಥಪ್ಪನವರ ಕೊಬ್ಬರಿ ಮಂಡಿ ಎಲ್ಲಿ ಎಂದು ಕೇಳಿದರೆ ಈಗಲೂ ಜನ ಕೈ ತೋರಿಸುತ್ತಾರೆ. ತೀರ್ಥಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಮಂಡಿ ನಡೆಸುತ್ತಿರುವವರು ಮಗಳು ಯಶೋದಾ ಮತ್ತು ಅವಳ ತಮ್ಮ ರುದ್ರಮೂರ್ತಿ. ತಮ್ಮನು ಮಂಡಿಯಲ್ಲೇ ಕೂತು ತೂಕ, ಲೋಡು, ಫೋನು ನೋಡಿಕೊಳ್ಳುತ್ತಾನೆ. ತೋಟದವರ ಮನೆಬಾಗಿಲಿಗೆ ಹೋಗಿ ಕಾಯಿ ನೋಡಿ, ಮಾತು ಮುಗಿಸಿ ಬರುವುದು ಅಕ್ಕನ ಕೆಲಸ. ಒಂದು ದಿನ ಲಿಂಗದಹಳ್ಳಿ ಕಡೆ, ಇನ್ನೊಂದು ದಿನ ತರೀಕೆರೆ, ಮತ್ತೊಂದು ದಿನ ಅಜ್ಜಂಪುರ.

ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ. ಯಶೋದಾಳಿಗೆ ಚಿಕ್ಕಂದಿನಿಂದ ಗಾಡಿಯ ಹುಚ್ಚು. ಹೈಸ್ಕೂಲಿನಲ್ಲಿದ್ದಾಗಲೇ ಮಂಡಿಯ ಹಿಂದಿನ ಕಣದಲ್ಲಿ ಅಪ್ಪನ ಮೆಟಡಾರ್ ಓಡಿಸಿ ಒಣಹಾಕಿದ್ದ ಕೊಬ್ಬರಿಯ ಮೇಲೆ ಹತ್ತಿಸಿದ್ದಳು. ತೀರ್ಥಪ್ಪನವರು ಬೈಯಲಿಲ್ಲ, ಕಲಿಸಲೂ ಇಲ್ಲ. ಮಾರನೆಯ ದಿನ ಬೀಗದ ಕೈಯನ್ನು ಎಂದಿನ ಮೊಳೆಗೇ ತೂಗುಹಾಕಿ ಹೊರಗೆ ಹೋದರು. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಮದುವೆಯ ಮಾತು ಬಂದಾಗ ಒಂದು ಕಡೆಯವರು, ಹುಡುಗಿ ಗಾಡಿ ಓಡಿಸುವುದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿ ಎಂದರು. ಅವಳು ಬಿಡುವುದಿಲ್ಲ ಎಂದಳು. ಆಮೇಲೆ ಬಂದ ಗಂಡುಗಳು ಅವಳಿಗೇ ಹಿಡಿಸಲಿಲ್ಲ. ಹೀಗೆ ಮದುವೆ ಆಗದೆ ಉಳಿಯಿತು. ಅದನ್ನು ಅವಳು ಕೊರಗು ಎಂದೂ ಹೇಳಿಕೊಳ್ಳಲಿಲ್ಲ, ಹೆಮ್ಮೆ ಎಂದೂ ಹೇಳಿಕೊಳ್ಳಲಿಲ್ಲ.

ಐವತ್ತು ದಾಟಿ ಕೆಲವು ವರ್ಷವಾದ ಮೇಲೆ ಅವಳು ಎಲೆಕ್ಟ್ರಿಕ್ ಕಾರು ಕೊಂಡಳು. ಊರಿನಲ್ಲಿ ಆಗಲೇ ಒಂದೆರಡು ಎಲೆಕ್ಟ್ರಿಕ್ ಕಾರುಗಳಿದ್ದವು. ಇದು ಆ ಬಗೆಯದಲ್ಲ. ಕಾಲು ಒತ್ತಿದರೆ ಸಾಕು, ಯಾರೋ ಎದೆಗೆ ಕೈಯಿಟ್ಟು ಸೀಟಿಗೆ ತಳ್ಳಿದ ಹಾಗೆ ಬೆನ್ನು ಹಿಂದಕ್ಕೆ ಅಂಟುತ್ತಿತ್ತು. ಗೇರಿಲ್ಲ, ಸದ್ದಿಲ್ಲ. ಬೀರೂರು ದಾಟಿ ಹೆದ್ದಾರಿ ಸಿಕ್ಕಿತೆಂದರೆ ಮುಂದಿನ ಲಾರಿ ನೋಡುನೋಡುತ್ತಿದ್ದಂತೆ ಹಿಂದಿನ ಲಾರಿಯಾಗುತ್ತಿತ್ತು.

"ಮಂಡಿ ವ್ಯಾಪಾರಕ್ಕೆ ಇಂಥ ಕಾರು ಯಾಕಕ್ಕ?" ಎಂದು ರುದ್ರಮೂರ್ತಿ ಕೇಳಿದ್ದ.

"ವ್ಯಾಪಾರಕ್ಕಲ್ಲ ಕಣೋ, ನನಗೆ" ಎಂದಿದ್ದಳು.

ಆ ಕಾರಿನ ಪಕ್ಕದ ಸೀಟು ರುದ್ರಮೂರ್ತಿಯ ಮಗಳು ಕೃತಿಕಾಳದು. ತರೀಕೆರೆಯ ಕಾಲೇಜಿನಲ್ಲಿ ಅವಳು ಡಿಗ್ರಿ ಓದುತ್ತಿದ್ದಳು. ಅತ್ತೆ ಆ ಕಡೆ ಹೊರಟ ದಿನವೆಲ್ಲ ಕಾರಿನಲ್ಲೇ ಹೋಗುತ್ತಿದ್ದಳು, ರಜೆಯಿದ್ದರೆ ಬೇರೆ ಕಡೆಗೂ ಬರುತ್ತಿದ್ದಳು. ಮುಂದೆ ರಸ್ತೆ ಖಾಲಿ ಕಂಡರೆ "ಅತ್ತೆ, ಇನ್ನೊಂಚೂರು" ಎನ್ನುತ್ತಿದ್ದವಳು ಅವಳೇ. ಮನೆಯಲ್ಲಿ ಎಲ್ಲರೂ ಅಯ್ಯೋ ನಿಧಾನ ಎನ್ನುವಾಗ ಈ ಒಂದು ದನಿ ಯಶೋದಾಳಿಗೆ ಬಹಳ ಹಿತವಾಗಿತ್ತು.

ಕಾರಿನ ಜೊತೆಗೆ ಬಂದ ಟೈರುಗಳು ರಸ್ತೆಯನ್ನು ಕಚ್ಚಿ ಹಿಡಿಯುವ ಮೆತ್ತನೆಯ ರಬ್ಬರಿನವು. ಕಾರಿನ ತೂಕಕ್ಕೂ ಅವಳ ಕಾಲಿಗೂ ಅವು ಬೇಗ ಸವೆದವು. ತರೀಕೆರೆಯ ಟೈರ್ ಅಂಗಡಿಯ ಮಹಮ್ಮದ್ ಹನೀಫ್ ಬೇಸಿಗೆಯಲ್ಲೇ ಹೇಳಿದ್ದರು, ಮಳೆಗೆ ಮೊದಲು ಬದಲಾಯಿಸಿ ಎಂದು. ಒಣ ರಸ್ತೆಯಲ್ಲಿ ಕಾರು ಮೊದಲಿನಂತೆಯೇ ಓಡುತ್ತಿದ್ದುದರಿಂದ ಯಶೋದಾ ಇವತ್ತು ನಾಳೆ ಎಂದು ಮುಂದೂಡಿದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ. ಕೃತಿಕಾಳಿಗೆ ಕಾಲೇಜು ರಜೆ. ಸುಮ್ಮನೆ ಜೊತೆಗೆ ಬಂದಿದ್ದಳು. ಕಡೂರಿನಲ್ಲಿ ಬಿಸಿಲು, ಬೀರೂರಿನಲ್ಲಿ ಬಿಸಿಲು. ಲಿಂಗದಹಳ್ಳಿ ಇನ್ನೇನು ಬಂತು ಎನ್ನುವಾಗ ಎದುರಿನ ಬೆಟ್ಟವೇ ಕಾಣದಂತೆ ಮಳೆ. ಆ ಕಡೆ ಇದು ಹೊಸದೇನಲ್ಲ. ಕಡೂರಿನವರು ಒಣಹಾಕಿದ ಬಟ್ಟೆ ಆರುವಷ್ಟರಲ್ಲಿ ಅಲ್ಲಿಯವರು ಕೊಡೆ ಬಿಚ್ಚಿರುತ್ತಾರೆ. ಯಶೋದಾ ವೇಗ ತಗ್ಗಿಸಿದಳು, ಆದರೆ ಸಾಕಷ್ಟು ತಗ್ಗಿಸಲಿಲ್ಲ. ಗದ್ದೆಯ ಬಳಿಯ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ನೀರು ನಿಂತಿತ್ತು. ಅದರ ಮೇಲೆ ಹೋದ ಕ್ಷಣ ಸ್ಟೀರಿಂಗು ಕೈಯಲ್ಲಿ ಹಗುರವಾಯಿತು. ಕಾರು ತೇಲಿತು. ಅವಳು ತಿರುಗಿಸಿದ್ದು ಒಂದು ಕಡೆ, ಅದು ಹೋದದ್ದು ಇನ್ನೊಂದು ಕಡೆ. ಅರ್ಧ ಸುತ್ತು ಸುತ್ತಿ, ಬದುವಿಗೆ ಒರಗಿ, ಅಡ್ಡಡ್ಡ ನಿಂತಿತು.

ಕಾರಿನ ಮೂತಿಯ ಮುಂದೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕರೊಬ್ಬರು ನಿಂತಿದ್ದರು. ಹೊರೆಯನ್ನು ಮೆಲ್ಲಗೆ ಕೆಳಗಿಳಿಸಿ, ಅದರ ಮೇಲೆಯೇ ಕೂತುಬಿಟ್ಟರು. ಯಶೋದಾ ಬಾಗಿಲು ತೆಗೆದು ಮಳೆಯಲ್ಲೇ ಓಡಿದಳು.

"ಏಟಾಯ್ತಾ ಅಜ್ಜ?"

"ಇಲ್ಲಮ್ಮ." ಮುದುಕರು ಕಾರನ್ನೇ ನೋಡುತ್ತಿದ್ದರು. "ಬಂದಿದ್ದೇ ಗೊತ್ತಾಗ್ಲಿಲ್ಲ ನೋಡು. ಸದ್ದು ಬಂದಿದ್ರೆ ಬದು ಕಡೆ ಸರ್ಕೋತಿದ್ದೆ."

ಅವರ ಹೆಸರು ಹನುಮಂತಪ್ಪ, ಅಲ್ಲಿಯೇ ಪಕ್ಕದ ಮನೆಯವರು. ಅವರು ಬೈದಿದ್ದರೆ ಯಶೋದಾಳಿಗೆ ಎಷ್ಟೋ ಸುಲಭವಾಗುತ್ತಿತ್ತು. ತಾವು ಸರಿಯಬೇಕಿತ್ತು ಎನ್ನುವಂತೆ ಅವರು ಆಡಿದ ಮಾತು ಒಳಗೆ ಎಲ್ಲೋ ಸಿಕ್ಕಿಕೊಂಡಿತು. ಹುಲ್ಲನ್ನು ತಾನೇ ಎತ್ತಿಕೊಂಡು ಹೋಗಿ ಅವರ ಕೊಟ್ಟಿಗೆಯಲ್ಲಿ ಹಾಕಿ ಬಂದಳು. ಕಾರಿಗೆ ಮರಳಿದಾಗ ಕೃತಿಕಾ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಯಶೋದಾ ಕಾರನ್ನು ಮೆಲ್ಲಗೆ ತಿರುಗಿಸಿ ಕಡೂರಿನ ದಾರಿ ಹಿಡಿದಳು.

ಮುಂದಿನ ವಾರ ಯಶೋದಾ ತರೀಕೆರೆಗೆ ಹೊರಟಾಗ ಕೃತಿಕಾ ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಗೆಳತಿಯರ ಜೊತೆ ಹೋಗುತ್ತಾಳಂತೆ. ಅದರ ಮುಂದಿನ ವಾರ ಬೇಗ ಕ್ಲಾಸಂತೆ. ಮೂರನೆಯ ಸಲ ಕಾರಣವನ್ನು ಯಾರೂ ಹೇಳಲಿಲ್ಲ, ಯಶೋದಾ ಕೇಳಲೂ ಇಲ್ಲ.

"ಮಾರ್ಬಿಡಕ್ಕ. ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಎಂದ ರುದ್ರಮೂರ್ತಿ, ಊಟದ ಹೊತ್ತಿನಲ್ಲಿ.

"ಕಾರೇನು ಮಾಡ್ತು ಅದಕ್ಕೆ?"

"ಕಾರೇನೂ ಮಾಡ್ಲಿಲ್ಲ. ಅದಕ್ಕೇ ಹೇಳ್ತಿರೋದು."

ರುದ್ರಮೂರ್ತಿ ಸಿಟ್ಟಿನಿಂದ ಹೇಳಿರಲಿಲ್ಲ. ಮಗಳಿಗೆ ಏನಾದರೂ ಆದೀತೆಂಬ ಭಯದಿಂದ ಹೇಳಿದ್ದ. ಅದು ಗೊತ್ತಿದ್ದರಿಂದ ಅವಳು ಎದ್ದು ಕೈ ತೊಳೆದಳು.

ಮಾರನೆಯ ದಿನ ಹನೀಫರ ಅಂಗಡಿಗೆ ಹೋಗಿ ಲಿಂಗದಹಳ್ಳಿಯ ತಿರುವಿನಲ್ಲಿ ಆದದ್ದನ್ನು ಹೇಳಿದಳು. ತೀರ್ಥಪ್ಪನವರ ಕಾಲದಿಂದ ಮಂಡಿಯ ಲಾರಿಗಳ ಟೈರು ನೋಡಿಕೊಂಡು ಬಂದವರು ಅವರು. ಈ ಕಾರು ಮೊದಲ ಸಲ ಬಂದಾಗ ಜಾಕ್ ಎಲ್ಲಿ ಕೊಡಬೇಕೆಂದು ತಿಳಿಯದೆ, ಅಡಿಯಲ್ಲೆಲ್ಲ ಬ್ಯಾಟರಿ ಇದೆ, ತಡೀರಿ ಎಂದು ಶಿವಮೊಗ್ಗಕ್ಕೆ ಫೋನು ಮಾಡಿ ಕೇಳಿಯೇ ಮುಟ್ಟಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಆ ಗುಣಕ್ಕಾಗಿಯೇ ಯಶೋದಾ ಅವರನ್ನು ನಂಬುತ್ತಿದ್ದಳು.

ಹನೀಫರು ಟೈರಿನ ಒಳ ಅಂಚಿಗೆ ಬೆರಳು ಸವರಿದರು. ನೀರು ಹರಿದುಹೋಗಬೇಕಾದ ಗೀರುಗಳು ಅಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿದ್ದವು.

"ಹಳೇ ಥರದ್ದೇ ತರಿಸ್ಬೋದು. ಒಣ ರಸ್ತೇಲಿ ಅದರಂಥದ್ದು ಇನ್ನೊಂದಿಲ್ಲ" ಎಂದರು. "ಇಲ್ಲಾಂದ್ರೆ ಆಲ್ ಸೀಸನ್ ಅಂತ ಬರುತ್ತೆ, ಎಲ್ಲಾ ಕಾಲಕ್ಕೂ ಆಗೋದು. ನೀರನ್ನ ಚೆನ್ನಾಗಿ ತಳ್ಳುತ್ತೆ, ಬಾಳಿಕೇನೂ ಜಾಸ್ತಿ. ಆದ್ರೆ ನಿಮಗೆ ಆ ಚುರುಕು ಸಿಗಲ್ಲ. ತಿರುವಿನಲ್ಲಿ ಒಂಚೂರು ತಡವಾಗಿ ತಿರುಗ್ದಂಗೆ ಅನ್ಸುತ್ತೆ."

ಯಶೋದಾ ತಾನೂ ಫೋನಿನಲ್ಲಿ ಓದಿ ಬಂದಿದ್ದಳು. ಒಂದು ಟೈರಿನ ಚಿತ್ರ ತೋರಿಸಿದಳು. ಅದರ ಮೇಲೆ ಬೆಟ್ಟ, ಬೆಟ್ಟದೊಳಗೆ ಹಿಮದ ಹೂವಿನಂಥ ಗುರುತು. "ಇದನ್ನ ಎಲ್ರೂ ಹೊಗಳ್ತಾರೆ."

ಹನೀಫರು ಕನ್ನಡಕ ಏರಿಸಿ ನೋಡಿದರು. "ಇದು ಹಿಮ ಬೀಳೋ ದೇಶದವರ ಎಲ್ಲಾ ಕಾಲ, ಯಶೋದಮ್ಮ. ನಮ್ದು ಬೇರೆ. ಏಪ್ರಿಲ್‌ನಲ್ಲಿ ಕಡೂರು ರಸ್ತೆ ಕಾದಾಗ ಇದು ಬೆಣ್ಣೆ ಆಗುತ್ತೋ ಏನೋ, ನಾನು ಓಡಿಸಿ ನೋಡಿಲ್ಲ."

"ಹಂಗಾದ್ರೆ ಅದು ಬೇಡ. ನಮಗೆ ಬೇಕಾಗಿರೋದು ಬಿಸಿಲು ತಡೀಬೇಕು, ಮಳೆ ನೀರು ತಳ್ಬೇಕು, ಬ್ಯಾಟರಿ ತೂಕ ಹೊರ್ಬೇಕು."

"ತೂಕದ್ದು ಮೊದ್ಲು ನೋಡ್ಬೇಕು. ಸೈಜು ಒಂದೇ ಅಂತ ಮಾಮೂಲಿ ಕಾರಿನ ಟೈರು ಹಾಕಂಗಿಲ್ಲ."

ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಹನೀಫರು ಒಂದೆರಡು ಕಡೆ ಫೋನು ಮಾಡಿದರು, ಯಶೋದಾ ಓದಿ ಹೇಳಿದಳು. ಭಾರ ಹೊರಲಾರದ್ದನ್ನು ಬಿಟ್ಟರು, ಹಿಮದ್ದನ್ನು ಬಿಟ್ಟರು. ಕೊನೆಗೆ ಎರಡು ಉಳಿದವು: ಹಳೆಯದರಂಥದ್ದೇ ಹೊಸದು, ಮತ್ತು ಬಿಸಿ ನಾಡಿಗೆ ಹೊಂದುವ ಒಂದು ಆಲ್ ಸೀಸನ್. ಅಷ್ಟರಲ್ಲಿ ಟೀ ಬಂತು. ಹನೀಫರು ಲೋಟ ಕೈಗೆತ್ತಿಕೊಂಡು ಕೇಳಿದರು.

"ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಆವತ್ತು ಹೊಸ ಟೈರು ಇದ್ದಿದ್ರೆ ಗಾಡಿ ನಿಲ್ತಿತ್ತಾ?"

ಯಶೋದಾ ತನ್ನ ಲೋಟ ಕೆಳಗಿಟ್ಟಳು. ಹೌದು ಎಂದರೆ ಎಲ್ಲವೂ ಟೈರಿನ ತಲೆಗೆ ಹೋಗುತ್ತಿತ್ತು. ಆ ತಿರುವು, ಆ ನೀರು, ಸ್ಟೀರಿಂಗು ಹಗುರವಾದ ಕ್ಷಣ ಮತ್ತೆ ಕಣ್ಣಮುಂದೆ ಬಂತು. ಆವತ್ತು ತನ್ನ ಕಾಲು ಎಲ್ಲಿತ್ತು ಎನ್ನುವುದು ಅವಳ ಹೊರತು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಇಲ್ಲ" ಎಂದಳು. "ನಾನು ಹೋಗ್ತಿದ್ದ ವೇಗಕ್ಕೆ ಯಾವ ಟೈರು ಇದ್ರೂ ತೇಲ್ತಿತ್ತು."

"ಮತ್ತೆ ಯಾವುದು ಹಾಕಿದ್ರೇನು?"

"ಹಂಗಲ್ಲ ಸಾಬ್ರೆ. ವೇಗ ನನ್ನ ಕೈಲಿದೆ, ಅದನ್ನ ನಾನು ನೋಡ್ಕೋತೀನಿ. ಎಲ್ಲಿ ಮಳೆ ಬಂದಿದೆ, ಎಲ್ಲಿ ನೀರು ನಿಂತಿದೆ, ಅದು ನನ್ನ ಕೈಲಿಲ್ಲ. ಅದನ್ನ ನೋಡ್ಕೊಳ್ಳೋದನ್ನ ಹಾಕಿ."

ಟೈರು ಬೆಂಗಳೂರಿನಿಂದ ಬರಲು ಒಂದು ವಾರ ಹಿಡಿಯಿತು. ಆ ವಾರ ಅವಳು ತೋಟಗಳಿಗೆ ಮಂಡಿಯ ಪಿಕಪ್ಪಿನಲ್ಲಿ ಹೋಗಿಬಂದಳು.

ಹೊಸ ಟೈರು ಹಾಕಿಸಿಕೊಂಡು ಹೆದ್ದಾರಿಗೆ ಬಂದಾಗ ಹನೀಫರು ಹೇಳಿದ್ದು ಕೈಗೆ ತಿಳಿಯಿತು. ಕಾರು ಈಗಲೂ ಬೆನ್ನನ್ನು ಸೀಟಿಗೆ ತಳ್ಳುತ್ತಿತ್ತು, ಆದರೆ ತಿರುವಿನಲ್ಲಿ ಮೊದಲಿನ ಹಾಗೆ ಮನಸ್ಸಿನ ಜೊತೆಗೇ ತಿರುಗುತ್ತಿರಲಿಲ್ಲ. ಕೈ ಹೇಳಿದ್ದನ್ನು ಕೇಳಿಸಿಕೊಂಡು, ಒಂದು ಉಸಿರು ತಡೆದು, ಆಮೇಲೆ ತಿರುಗುತ್ತಿತ್ತು. ಅವಳಿಗೆ ಬೇಸರವಾಯಿತು. ಈ ಬೇಸರವನ್ನು ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ ಎಂದು ಸುಮ್ಮನಾದಳು. ಇಷ್ಟು ವರ್ಷ ಓಡಿಸಿದ ಮೇಲೆ ಮತ್ತೆ ಕಲಿಯಬೇಕಾಗಿತ್ತು. ಲಿಂಗದಹಳ್ಳಿಯ ರಸ್ತೆಗೆ ಮಳೆ ಬಿದ್ದ ದಿನಗಳಲ್ಲೇ ಬೇಕೆಂದು ಹೋದಳು, ಒಬ್ಬಳೇ. ತಿರುವಿಗೆ ಬಹಳ ಮುಂಚೆ ಕಾಲು ತೆಗೆಯುವುದನ್ನು ರೂಢಿ ಮಾಡಿಕೊಂಡಳು. ಸ್ಟೀರಿಂಗು ಹಗುರವಾಗಲಿಲ್ಲ. ಜನ ನಡೆದುಹೋಗುತ್ತಿರುವುದು ಕಂಡರೆ ದೂರದಿಂದಲೇ ಒಮ್ಮೆ ಮೆತ್ತಗೆ ಹಾರನ್ ಒತ್ತುತ್ತಿದ್ದಳು. ಹನುಮಂತಪ್ಪನವರ ಮನೆಯ ಮುಂದೆ ನಿಲ್ಲಿಸಿ ಒಂದೆರಡು ಸಲ ಅವರ ಜಗಲಿಯಲ್ಲಿ ಕೂತು ಬಂದಳು. ಅವರಿಗೆ ಆ ದಿನದ ಮಾತು ಬೇಕಿರಲಿಲ್ಲ. ಎಮ್ಮೆಯ ಮಾತೇ ಆಡುತ್ತಿದ್ದರು.

ಮನೆಯಲ್ಲಿ ಟೈರಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಈಗ ಹೆದರಬೇಡ ಬಾ ಎಂದು ಕೃತಿಕಾಳನ್ನು ಕರೆಯಲೂ ಇಲ್ಲ. ಕರೆದರೆ ಹುಡುಗಿ ಇಲ್ಲ ಎನ್ನಲಾರದೆ ಬರುತ್ತಾಳೆ, ಹಾಗೆ ಬರುವುದು ಬೇಡ ಎಂದುಕೊಂಡಳು.

ಆಗಸ್ಟಿನ ಒಂದು ಭಾನುವಾರ ಅಜ್ಜಂಪುರಕ್ಕೆ ಹೊರಟಿದ್ದಳು. ಕಾರಿನ ಬಾಗಿಲು ತೆಗೆಯುವಾಗ ಕೃತಿಕಾ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಳು. ನಿಂತದ್ದು ಎಡಗಡೆಯಲ್ಲಲ್ಲ, ಬಲಗಡೆಯಲ್ಲಿ.

"ಅತ್ತೆ, ನಾನು ಓಡಿಸ್ಲಾ?"

ಕೃತಿಕಾಳಿಗೆ ಲೈಸೆನ್ಸ್ ಬಂದು ವರ್ಷವಾಗಿತ್ತು. ಡ್ರೈವಿಂಗ್ ಸ್ಕೂಲಿನ ಕಾರು, ಅಪ್ಪನ ಕಾರು ಓಡಿಸಿದ್ದಳು. ಈ ಕಾರನ್ನು ಕೇಳಿರಲಿಲ್ಲ. ಕೇಳಬಹುದು ಎಂದು ಅತ್ತೆಗೂ ಹೊಳೆದಿರಲಿಲ್ಲ.

"ಹೆದರಿಕೆ ಆಗಲ್ವಾ?" ಎಂದಳು ಯಶೋದಾ.

"ಪಕ್ಕದಲ್ಲಿ ಕೂತ್ಕೊಂಡ್ರೆ ಆಗುತ್ತೆ. ಆವತ್ತು ನೀವಾದ್ರೂ ಸ್ಟೀರಿಂಗ್ ತಿರುಗಿಸ್ತಿದ್ರಿ. ನಾನು ಏನೂ ಮಾಡೋ ಹಾಗಿರ್ಲಿಲ್ಲ." ಕೃತಿಕಾ ಕಾರಿನ ಕಡೆ ನೋಡುತ್ತಲೇ ಹೇಳಿದಳು. "ಓಡಿಸಿದ್ರೆ ಆಗಲ್ಲ ಅನ್ಸುತ್ತೆ."

ಮಂಡಿಯ ಬಾಗಿಲಲ್ಲಿ ರುದ್ರಮೂರ್ತಿ ನಿಂತಿದ್ದ. ಏನೋ ಹೇಳಲು ಹೊರಟವನು ಅಕ್ಕನ ಮುಖ ನೋಡಿ ಒಳಗೆ ಹೋದ. ಯಶೋದಾ ಬೀಗದ ಕೈಯಂತೆ ಬಳಸುವ ಕಾರ್ಡನ್ನು ಕೊಟ್ಟು, ಕಾರನ್ನು ಸುತ್ತು ಹಾಕಿ, ಎಡಗಡೆಯ ಬಾಗಿಲು ತೆಗೆದು ಕೂತಳು.

ಬೀರೂರು ದಾಟುವವರೆಗೆ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಎದುರಿಗೆ ಬಸ್ಸು ಬಂದರೆ ಕೈ ತಾನಾಗಿಯೇ ಬಾಗಿಲಿನ ಹಿಡಿಯನ್ನು ಹುಡುಕುತ್ತಿತ್ತು. ಕೃತಿಕಾ ಓಡಿಸುತ್ತಿದ್ದುದು ಯಾರೂ ತಪ್ಪು ಹೇಳದಷ್ಟು ನಿಧಾನವಾಗಿ. ಮೋಟರ್ ಸೈಕಲ್ಲುಗಳೂ ಹಿಂದಿಕ್ಕಿ ಹೋಗುತ್ತಿದ್ದವು. ಆದರೂ ಕಾಲು ಸಡಿಲವಾಗಲಿಲ್ಲ. ಇಷ್ಟು ವರ್ಷಗಳಲ್ಲಿ ತನ್ನ ಪಕ್ಕದಲ್ಲಿ ಕೂತವರೆಲ್ಲ ಹೀಗೆ ಕೂತಿದ್ದರೇ? ಅಪ್ಪ, ತಮ್ಮ, ಈ ಹುಡುಗಿ. "ಇನ್ನೊಂಚೂರು" ಎಂದ ದಿನವೂ ಇವಳ ಕಾಲು ಹೀಗೆ ನೆಲ ಒತ್ತುತ್ತಿತ್ತೇ? ಕೇಳಬೇಕೆನಿಸಿತು. ಹುಡುಗಿಯ ಗಮನ ಪೂರ್ತಿ ರಸ್ತೆಯ ಮೇಲಿತ್ತು, ಕೇಳಲಿಲ್ಲ.

ಮುಂದೆ ಅಜ್ಜಂಪುರದ ಕಡೆಯ ರಸ್ತೆಗೆ ಹೊರಳಿದ ಮೇಲೆ ತುಂತುರು ಶುರುವಾಯಿತು. ಕೃತಿಕಾ ಇನ್ನಷ್ಟು ನಿಧಾನ ಮಾಡಿದಳು. ರಸ್ತೆ ತಗ್ಗಾದ ಕಡೆ ನಿಂತಿದ್ದ ನೀರನ್ನು ಕಾರು ಸರಸರನೆ ಸೀಳಿಕೊಂಡು ದಾಟಿತು. ಹುಡುಗಿಯ ಭುಜ ಸ್ವಲ್ಪ ಇಳಿಯಿತು.

"ಯಾಕತ್ತೆ, ಏನೂ ಮಾತಾಡ್ತಾನೇ ಇಲ್ಲ? ತಪ್ಪು ಓಡಿಸ್ತಿದ್ದೀನಾ?"

"ಇಲ್ಲ ಕಣೇ. ಚೆನ್ನಾಗೇ ಹೋಗ್ತಿದ್ದೀಯ." ಯಶೋದಾ ಕಿಟಕಿಯ ಕಡೆ ತಿರುಗಿದ್ದಳು. ಈ ರಸ್ತೆಯಲ್ಲಿ ಅವಳು ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದಳು. ಆದರೆ ರಸ್ತೆಯಿಂದ ಕೊಂಚ ಒಳಗೆ ಒಂದು ಹಳೆಯ ಕಲ್ಲು ಕಟ್ಟಿದ ಬಾವಿ, ಅದರ ಕಟ್ಟೆಯ ಮೇಲೆ ಕೊಡೆ ಹಿಡಿದು ಕುರಿ ಕಾಯುತ್ತ ಕೂತ ಹೆಂಗಸು, ಬಾವಿಗೆ ಬಾಗಿದ ಹುಣಸೆಮರ, ಇದೊಂದನ್ನೂ ಕಂಡ ನೆನಪಿರಲಿಲ್ಲ.

"ಈ ಬಾವಿ ಯಾವತ್ತಿಂದ ಇದೆ ಇಲ್ಲಿ?" ಎಂದು ಕೇಳಿದಳು.

"ಮೊದಲಿಂದ್ಲೂ ಇದೆ ಅತ್ತೆ. ನಿಮ್ಮ ಪಕ್ಕ ಕೂತು ಬಂದಾಗೆಲ್ಲ ನೋಡ್ತಿದ್ದೆ" ಎಂದಳು ಕೃತಿಕಾ, ರಸ್ತೆಯಿಂದ ಕಣ್ಣು ತೆಗೆಯದೆ.