ಕುಂತವ್ರಿಗಿ ಒಂದು ರೊಟ್ಟಿ

ನಾನು ಸಾವಳಗಿಯಿಂದ ಮದುವೆಯಾಗಿ ಬನಹಟ್ಟಿಗೆ ಬಂದದ್ದು ಎಪ್ಪತ್ತಾರನೆಯ ಇಸವಿಯಲ್ಲಿ. ನಮ್ಮ ಹಿತ್ತಲಿಗೂ ಸಾತವ್ವನ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಮಣ್ಣಿನ ಗೋಡೆ ಇತ್ತು. ಬಂದ ಹೊಸದರಲ್ಲಿ ನನಗೆ ಊರು ಹಿಡಿಸುತ್ತಿರಲಿಲ್ಲ. ಹಗಲೆಲ್ಲ ಮಗ್ಗಗಳ ಖಟಖಟ ಸದ್ದು, ತಲೆ ಸಿಡಿಯುತ್ತಿತ್ತು. ಆಗ ಗೋಡೆಯ ಆಚೆಯಿಂದ ಮೊದಲು ಮಾತಾಡಿಸಿದವಳು ಸಾತವ್ವ. ಹೋಳಿಗೆ ಮಾಡಿದ ದಿನ ಎರಡು ಹೋಳಿಗೆ ಗೋಡೆ ದಾಟಿ ಬರುತ್ತಿದ್ದವು. ಅವರ ಮನೆಗೆ ಯಾರೇ ಬಂದರೂ ಚಹಾ ಇಲ್ಲದೆ ಎದ್ದು ಹೋದದ್ದಿಲ್ಲ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಓಣಿಯಲ್ಲಿ ಅವಳನ್ನು ಕಂಡವರೆಲ್ಲ ಅವಳು ಹುಟ್ಟಾ ಜಿಪುಣಿ ಎಂದೇ ತಿಳಿದಿದ್ದರು.

ಅವಳ ಗಂಡ ಧರೆಪ್ಪ ಕಾಶಪ್ಪ ಮಾಲಕನ ಪವರಲೂಮಿನಲ್ಲಿ ಸೀರೆ ನೇಯುತ್ತಿದ್ದ. ಮನೆಯಲ್ಲಿ ಅವನ ತಾಯಿ ಬೋರವ್ವ, ಎಪ್ಪತ್ತು ದಾಟಿದ ಮುದುಕಿ. ಮೂರು ಮಕ್ಕಳು: ಹತ್ತು ವರ್ಷದ ಕರೆವ್ವ, ಏಳು ವರ್ಷದ ಬಾಳು, ಇನ್ನೂ ಮಾತು ತೊದಲುತ್ತಿದ್ದ ತಾರವ್ವ.

ಎಪ್ಪತ್ತೆಂಟರ ಯುಗಾದಿ ಮುಗಿದ ವಾರ ಮಗ್ಗದ ಲಾಳಿ ಹಾರಿ ಬಂದು ಧರೆಪ್ಪನ ಎಡಗಣ್ಣಿಗೆ ಬಡಿಯಿತು. ಮೀರಜಿನ ಆಸ್ಪತ್ರೆಗೆ ಒಯ್ದರು. ಹದಿನಾರು ದಿನ ಅಲ್ಲಿದ್ದು, ಕಣ್ಣು ಕಳೆದುಕೊಂಡು ಬಂದ. ನೇಯುವವನಿಗೆ ಹರಿದ ಎಳೆ ಕಾಣಬೇಕು, ಅದೂ ಕೂಡಲೇ ಕಾಣಬೇಕು. ಒಂದೇ ಕಣ್ಣಿನಲ್ಲಿ ಅದು ಆಗಲಿಲ್ಲ. ಕಾಶಪ್ಪ ಕೆಟ್ಟವನಲ್ಲ. ಔಷಧಕ್ಕೂ ಬಸ್ಸಿಗೂ ಅವನೇ ಖರ್ಚು ಮಾಡಿದ್ದ, ತನ್ನ ನೂಲಿನ ಗೋದಾಮಿನಲ್ಲಿ ಕಾವಲು ಕೆಲಸವನ್ನೂ ಕೊಟ್ಟ. ಆದರೆ ಕಾವಲುಗಾರನ ಪಗಾರ ನೇಕಾರನ ಗಳಿಕೆಯ ಅರ್ಧಕ್ಕೂ ಬರುವುದಿಲ್ಲ. ಆರು ಹೊಟ್ಟೆ ಅಷ್ಟರಲ್ಲೇ ತುಂಬಬೇಕಾಗಿತ್ತು.

ಓಣಿಯ ಉಳಿದವರಾಗಿದ್ದರೆ ಅಂಗಡಿಯಲ್ಲಿ ಉದ್ರಿ ತರುತ್ತಿದ್ದರು. ಸಾತವ್ವ ಒಲ್ಲೆ ಎಂದಳು. "ಉದ್ರಿ ತಂದ್ರ ಅವ ತೂಗಿದ್ದ ತೂಕ, ಅವ ಹೇಳಿದ್ದ ರೇಟು. ರೊಕ್ಕಾ ಕೈಯಾಗ ಇದ್ರ ಹುಳಾ ಹತ್ತಿದ ಜ್ವಾಳ ಬ್ಯಾಡಾ ಅಂತ ಹೇಳಾಕರ ಬಾಯಿ ಇರ್ತೈತಿ" ಎಂದು ನನ್ನ ಮುಂದೆ ಹೇಳಿದ್ದಳು. ಪಗಾರ ಬಂದ ದಿನವೇ ತಿಂಗಳ ಜೋಳ ತಂದು, ಸಂತೆ ಎದ್ದು ಹೋಗುವ ಹೊತ್ತಿಗೆ ಹೋಗಿ ಬಾಡಿದ ಬದನೆಕಾಯಿ ಆರಿಸಿ ತರುತ್ತಿದ್ದಳು. ಹೊಲಗಳ ಬದುವಿನಲ್ಲಿ ಹತ್ತರಕಿ ಸೊಪ್ಪು ಕಿತ್ತು ಸೆರಗು ತುಂಬಿಸುತ್ತಿದ್ದಳು. ಹಾಲು ನಿಂತಿತು. ಚಹಾದ ಪುಡಿಯನ್ನು ಒಮ್ಮೆ ಕುದಿಸಿ, ಒಣಗಿಸಿ, ಮತ್ತೊಮ್ಮೆ ಕುದಿಸಿದಳು. ಕೆಲವು ತಿಂಗಳಿಗೆ ಚಹಾ ಕೂಡ ನಿಂತಿತು. ಸಾಬೂನಿನ ಬದಲು ಹಳ್ಳದ ದಂಡೆಯ ಸವಳು ಮಣ್ಣು ತಂದು ಅರಿವೆ ಒಗೆದಳು. ಎರಡು ಹರಕು ಸೀರೆಗಳ ಗಟ್ಟಿ ಭಾಗ ಕತ್ತರಿಸಿ ಕೂಡಿಸಿ ಹೊಲಿದು ಒಂದು ಮಾಡಿ ಉಟ್ಟಳು. ಉರುವಲು ಉಳಿಯಲೆಂದು ಒಲೆ ದಿನಕ್ಕೆ ಒಮ್ಮೆ ಮಾತ್ರ. ಬೆಳಿಗ್ಗೆ ಬಡಿದ ರೊಟ್ಟಿಯೇ ಸಂಜೆಗೂ.

ಹಿಟ್ಟಿನ ಡಬ್ಬಿಯನ್ನು ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರೊಟ್ಟಿಗೂ ಲೆಕ್ಕ ಬಂತು.

"ದುಡಿಯವ್ರಿಗಿ ಎರಡು. ಬೆಳಿಯವ್ರಿಗಿ ಒಂದೂವರಿ. ಕುಂತವ್ರಿಗಿ ಒಂದು."

ಇದನ್ನು ಅವಳು ಹುಡುಗರಿಗೆ ಹೇಳುತ್ತಿದ್ದುದು ನಮ್ಮ ಹಿತ್ತಲಿಗೂ ಕೇಳುತ್ತಿತ್ತು. ಮನೆಯಲ್ಲಿ ಕುಂತವಳು ಬೋರವ್ವ ಒಬ್ಬಳೇ. ಸಾತವ್ವ ತಾನು ತಿನ್ನುತ್ತಿದ್ದುದು ಎಷ್ಟು ಎಂದು ಆ ಲೆಕ್ಕದಲ್ಲಿ ಇರಲಿಲ್ಲ. ಹುಡುಗರ ತಾಟಿನಲ್ಲಿ ಮುರಿದು ಬಿದ್ದದ್ದನ್ನು ಅಂಬಲಿಯಲ್ಲಿ ಅದ್ದಿ ತಿಂದು ನೀರು ಕುಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬೋರವ್ವನಿಗೆ ಕಣ್ಣು ಮಂಜಾಗಿದ್ದವು, ಕಿವಿ ಚುರುಕು. ಒಂದು ದಿನ ಮಧ್ಯಾಹ್ನ ಸಾತವ್ವ ಸೊಪ್ಪಿಗೆ ಹೋದ ಹೊತ್ತಿನಲ್ಲಿ ಗೋಡೆ ಹಿಡಿದುಕೊಂಡು ಬಂದು ನಿಂತಳು.

"ಏ ಅನ್ನವ್ವಾ, ಮುಂಜಾನಿ ರೊಟ್ಟಿ ಒಂದ್ ತುಣುಕು ಉಳದೈತೇನ ಬೇ?"

ನಾನು ಒಂದು ರೊಟ್ಟಿಗೆ ಮೊಸರು ಹಾಕಿ ಕೊಟ್ಟೆ. ಅಲ್ಲೇ ನಿಂತು, ನಮ್ಮ ಗೋಡೆಗೆ ಎದೆ ಆನಿಸಿ ತಿಂದಳು. ಹಲ್ಲಿಲ್ಲದ ಬಾಯಿ, ತಡವಾಗುತ್ತಿತ್ತು. ತಿನ್ನುತ್ತ ತಿನ್ನುತ್ತ ಹಿಂದಕ್ಕೆ ತಿರುಗಿ ಸದ್ದು ಆಲಿಸುತ್ತಿದ್ದಳು. ಮರುದಿನವೂ ಬಂದಳು. ಹೀಗೆ ಒಂದು ತಿಂಗಳು ನಡೆಯಿತು. ನನಗೆ ಏನೋ ದೊಡ್ಡ ಪುಣ್ಯ ಮಾಡುತ್ತಿದ್ದೇನೆಂಬ ಭಾವನೆ. ಇಪ್ಪತ್ತರ ವಯಸ್ಸು ನನ್ನದು.

ಒಂದು ದಿನ ರೊಟ್ಟಿಯ ಜೊತೆ ಒಂದು ಚೂರು ಬೆಲ್ಲ ಕೊಟ್ಟೆ. ಮುದುಕಿ ಅದನ್ನು ತಾನು ತಿನ್ನದೆ ಸಣ್ಣ ಮೊಮ್ಮಗಳಿಗೆ ಒಯ್ದಳು. ತಾರವ್ವನ ಬಾಯಿಗೆ ಮೆತ್ತಿದ್ದ ಬೆಲ್ಲ ಸಾತವ್ವನ ಕಣ್ಣಿಗೆ ಬಿತ್ತು. ಆ ಮನೆಯಲ್ಲಿ ಬೆಲ್ಲ ತೀರಿ ಎರಡು ತಿಂಗಳಾಗಿತ್ತು. "ಆಯಿ ಕೊಟ್ಲು" ಅಂದಿತು ಕೂಸು.

ಸಾತವ್ವ ಅತ್ತೆಯನ್ನು ಕೇಳಿ ಎಲ್ಲ ತಿಳಿದುಕೊಂಡು ನೆಟ್ಟಗೆ ಗೋಡೆಯ ಹತ್ತಿರ ಬಂದಳು.

"ಅನ್ನವ್ವಾ, ನಮ್ಮತ್ತಿಗೆ ದಿನಾ ರೊಟ್ಟಿ ಕೊಡಾಕತ್ತಿದ್ದಿ, ಹೌದಲ್ಲ?"

"ಹೌದಕ್ಕ. ಆಯಿ ಹಸದಿದ್ಲು."

"ಹಸದಿದ್ಲು. ನನ್ನ ಮನ್ಯಾಗ ಹಸಿಲಾರದವ್ರು ಯಾರದಾರ ಹೇಳು? ನಾಳಿ ನನ್ನ ಮೂರೂ ಹುಡುಗ್ರು ಇದ ಗ್ವಾಡಿಗೆ ಬಂದು ನಿಂತ್ರ ಅವಕ್ಕೂ ಕೊಡ್ತೀ? ನಾಡಿದ್ದ? ಬರೂ ವರ್ಷ?" ಅವಳ ಧ್ವನಿ ಏರಲೇ ಇಲ್ಲ. "ಬೇಡೂದು ಒಮ್ಮೆ ರೂಢಿ ಬಿದ್ರ ಹೋಗಂಗಿಲ್ಲ. ನೀ ಕೊಡೂದು ಮಾತ್ರ ಒಂದಿನ ನಿಲ್ತೈತಿ."

ಒಳಗಿನಿಂದ ಕೇಳಿಸಿಕೊಂಡಿದ್ದ ನನ್ನ ಅತ್ತೆ ಆಮೇಲೆ ಹೇಳಿದರು: "ಮಂದಿ ಮನಿ ಒಲಿ ಮುಂದ ನಾವು ಕೂಡ್ರೂದು ಬ್ಯಾಡ. ಬಂದ್ರ ಇಲ್ಲ ಅಂತ ಹೇಳು."

ಮರುದಿನ ಬೋರವ್ವ ಬಂದಳು. ನಾನು, "ಇವತ್ತ ರೊಟ್ಟಿ ಮಾಡಿಲ್ಲ ಆಯಿ" ಅಂದೆ. ಅದೇ ಹೊತ್ತಿಗೆ ಒಳಗೆ ನನ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದ ಸದ್ದು ಪಟಪಟನೆ ಬರುತ್ತಿತ್ತು. ಮುದುಕಿ ಸ್ವಲ್ಪ ಹೊತ್ತು ಆ ಸದ್ದಿಗೆ ಕಿವಿಗೊಟ್ಟು ನಿಂತಳು.

"ಆತು ಬಿಡವ್ವ" ಎಂದು ಗೋಡೆ ಹಿಡಿದುಕೊಂಡು ಹೋದಳು. ಮತ್ತೆ ಬರಲಿಲ್ಲ.

ಮೂರು ನಾಲ್ಕು ವಾರ ಕಳೆದಿರಬೇಕು. ಒಂದು ಸೋಮವಾರ ಧರೆಪ್ಪ ಮಾಲಕನ ಕೆಲಸದ ಮೇಲೆ ರಬಕವಿಗೆ ಹೋಗಿದ್ದ. ಅಲ್ಲಿಯ ಒಂದು ಗುಡಿಯ ಮೆಟ್ಟಿಲ ಮೇಲೆ ಬೇಡುವವರ ಸಾಲಿನಲ್ಲಿ ಅವನ ತಾಯಿ ಸೆರಗು ಹಾಸಿ ಕೂತಿದ್ದಳು. ಕಣ್ಣು ಕಾಣದ ಮುದುಕಿ ಅಷ್ಟು ದೂರ ಹೇಗೆ ನಡೆದಳೋ. ಸಾತವ್ವ ಸೊಪ್ಪಿಗೆ ಹೋಗುತ್ತಿದ್ದ ಹೊತ್ತು ನೋಡಿ ಮೂರು ಸೋಮವಾರ ಹೀಗೆ ಹೋಗಿ ಬಂದಿದ್ದಳಂತೆ. ನೂಲಿನ ಗಂಟು ಹೊರುವ ಕೈಗಾಡಿಯಲ್ಲಿ ಕೂಡಿಸಿಕೊಂಡು ಧರೆಪ್ಪ ಅವಳನ್ನು ಮನೆಗೆ ತಂದ. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ನಾನೂ ನಿಂತಿದ್ದೆ.

ಗಾಡಿಯಿಂದ ಇಳಿದ ಬೋರವ್ವ ಸೆರಗಿನ ಗಂಟು ಬಿಚ್ಚಿ ಚಿಲ್ಲರೆಯನ್ನು ಸೊಸೆಯ ಮುಂದೆ ಹಾಕಿದಳು.

"ತಗೋ ಬೇ. ಕುಂತಾಕಿ ಅಂತಿದ್ದಿ. ಕುಂತ ಗಳಿಸೇನಿ."

ಅವಳು ಚುಚ್ಚಲು ಹೇಳಿದ ಹಾಗೆ ನನಗೆ ಕೇಳಲಿಲ್ಲ. ಕೆಲಸಕ್ಕೆ ಹೋಗಿ ಬಂದವರು ಹೇಳಿದ ಹಾಗಿತ್ತು.

ಧರೆಪ್ಪ ಹೆಂಡತಿಯ ಕೆನ್ನೆಗೆ ಹೊಡೆದ. ಹನ್ನೆರಡು ವರ್ಷದ ಸಂಸಾರದಲ್ಲಿ ಅದೇ ಮೊದಲು. "ನಮ್ಮವ್ವನ್ನ ಬೇಡಾಕ ಹಚ್ಚಿದೇನ್ಲೇ!" ಎಂದು ಕೂಗಿದ. ಸಾತವ್ವ ಅಳಲಿಲ್ಲ. ಸೊಂಟದ ಕೀಲಿ ತೆಗೆದು ಅವನ ಕಾಲ ಬಳಿ ಒಗೆದಳು.

"ತಗೋರಿ. ಇನ್ನ ನೀವ ನಡಸ್ರಿ ಮನಿ. ಒಂದ ತಿಂಗಳಾ ನಡಸ್ರಿ."

ನಾಲ್ಕು ದಿನಕ್ಕೆ ಪಗಾರ ಬಂತು. ಧರೆಪ್ಪ ನಡೆಸಿದ. ಅಕ್ಕಿ ತಂದ, ಒಳ್ಳೆಣ್ಣೆ ತಂದ, ಸಕ್ಕರೆ, ಹಾಲು ತಂದ. ಆ ಮನೆಯಿಂದ ಒಗ್ಗರಣೆಯ ವಾಸನೆ ಬಂದು ಎಷ್ಟೋ ಕಾಲವಾಗಿತ್ತು. ಬೋರವ್ವ ಹೊಟ್ಟೆ ತುಂಬ ಉಂಡು ಬಿಸಿಲಲ್ಲಿ ಮಲಗುತ್ತಿದ್ದಳು. ಹುಡುಗರು ನಗುತ್ತಿದ್ದುದು ಕೇಳುತ್ತಿತ್ತು. ಸಾತವ್ವ ಗಂಡ ಹೇಳಿದಷ್ಟು ಅಡಿಗೆ ಮಾಡಿ ಹಾಕುತ್ತಿದ್ದಳು. ಇದು ಸಾಲದು ಎಂದಾಗಲಿ, ಇದು ಹೆಚ್ಚಾಯಿತು ಎಂದಾಗಲಿ ಒಂದು ಮಾತಾಡಲಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ.

ಹತ್ತೊಂಬತ್ತನೆಯ ದಿನಕ್ಕೆ ಟ್ರಂಕು ಖಾಲಿಯಾಯಿತು. ಧರೆಪ್ಪ ಅಂಗಡಿಗೆ ಹೋಗಿ ಉದ್ರಿ ಐದು ಸೇರು ಜೋಳ ತಂದ. ಎರಡನೆಯ ಸಲ ಅಂಗಡಿಯವನು ಮುಖ ತಿರುಗಿಸಿದ. ಎರಡು ದಿನ ತೆಳು ಅಂಬಲಿ ಆಯಿತು. ಮೂರನೆಯ ದಿನ ಒಲೆ ಹಚ್ಚಲಿಲ್ಲ. ತಾರವ್ವ ಅತ್ತು ಅತ್ತು ಕೆಮ್ಮತೊಡಗಿದಾಗ ನಾನು ಅತ್ತೆಯನ್ನು ಕೇಳದೆ ಒಂದು ಗಡಿಗೆ ನುಚ್ಚು ಒಯ್ದೆ. ಧರೆಪ್ಪ ಕಟ್ಟೆಯ ಮೇಲೆ ಹೆಗಲ ವಲ್ಲಿಯನ್ನು ಮುಖಕ್ಕೆ ಮುಚ್ಚಿಕೊಂಡು ಕೂತಿದ್ದ. ನನ್ನ ಹೆಜ್ಜೆಯ ಸದ್ದು ಕೇಳಿಯೂ ಅಲುಗಲಿಲ್ಲ.

ಒಳಗೆ ಬೋರವ್ವ ಗೋಡೆ ತಡವಿ ತಡವಿ ಗೂಟದ ಮೇಲಿದ್ದ ಕೀಲಿ ಹುಡುಕಿ ತೆಗೆದಳು. ಸೊಸೆಯ ಮುಂದೆ ಕೂತು ಅದನ್ನು ಅವಳ ಉಡಿಯಲ್ಲಿಟ್ಟಳು.

"ನೀನ ನಡಸು ಬೇ. ಅವ ನನ್ನ ಮಗ, ಕೈ ದೊಡ್ಡದು. ಹುಡುಗ್ರ ಉಳೀಲಿ. ನನಗ ಒಂದ ಸಾಕು."

ಸಾತವ್ವ ಬಹಳ ಹೊತ್ತು ಆ ಕೀಲಿಯನ್ನು ಮುಟ್ಟಲಿಲ್ಲ. "ನಿಮಗ ಒಂದೂವರಿ ಕೊಡ್ತೇನಿ ಅತ್ತಿ" ಅಂದಳು ಕೊನೆಗೆ.

"ಎಲ್ಲಿಂದ ಕೊಡ್ತಿ?"

ನಾನು ಗಡಿಗೆ ಇಟ್ಟು ಹೊರಗೆ ಬಂದುಬಿಟ್ಟೆ.

ಮರುವಾರ ಕರೆವ್ವನನ್ನು ಸಾಲಿ ಬಿಡಿಸಿದರು. ಐದನೆಯ ಇಯತ್ತೆಯಲ್ಲಿ ಮೊದಲ ನಂಬರಿನಲ್ಲಿದ್ದ ಹುಡುಗಿ. ಅವ್ವ ಮಗಳು ಇಬ್ಬರೂ ಒಂದೊಂದು ರಾಟಿ ಇಟ್ಟುಕೊಂಡು ಕಾಶಪ್ಪನ ಮಗ್ಗಗಳಿಗೆ ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡತೊಡಗಿದರು. ಕರೆವ್ವ ಸಾಲಿಯ ಗಂಟೆ ಕೇಳಿದಾಗ ರಾಟಿ ನಿಲ್ಲಿಸುತ್ತಿದ್ದಳು, ಸಾತವ್ವ "ಹುಂ" ಅಂದರೆ ಮತ್ತೆ ತಿರುಗಿಸುತ್ತಿದ್ದಳು. ಆ ದುಡಿಮೆಯಿಂದ ಅಂಗಡಿಯ ಸಾಲ ತೀರಿತು, ಬಾಳು ಸಾಲಿಯಲ್ಲಿ ಉಳಿದ. ಕರೆವ್ವ ಈಗ ದುಡಿಯುವವಳು, ಅವಳ ಪಾಲು ಎರಡಾಯಿತು. ಬೋರವ್ವನಿಗೆ ಕೆಲವು ದಿನ ಒಂದೂವರೆ ಬರುತ್ತಿತ್ತು, ಕೆಲವು ದಿನ ಇಲ್ಲ.

ಮಾಘ ಮಾಸದ ಚಳಿಯಲ್ಲಿ ಬೋರವ್ವ ತೀರಿಕೊಂಡಳು. ವಯಸ್ಸಾಗಿತ್ತು ಎಂದರು ಎಲ್ಲರೂ. ಮೈ ತೊಳೆಯಲು ಸಾತವ್ವನ ಜೊತೆ ನಾನೂ ಕೈಹಚ್ಚಿದೆ. ಮುದುಕಿಯ ತೋಳನ್ನು ಹಿಡಿದರೆ ನನ್ನ ಹೆಬ್ಬೆರಳೂ ನಡುಬೆರಳೂ ಕೂಡಿ, ಇನ್ನೂ ಜಾಗ ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ಕುಪ್ಪಸದ ತೋಳು ಮೇಲೇರಿಸಿದ್ದ ಸಾತವ್ವನ ಕೈಯನ್ನೂ ನೋಡಿದೆ. ಮೂವತ್ತೆರಡು ವರ್ಷದ ಅವಳ ಕೈಗೂ ಆ ಕೈಗೂ ಬಹಳ ವ್ಯತ್ಯಾಸವಿರಲಿಲ್ಲ. ನೀರು ಹಾಕುತ್ತ ಅವಳು ಹೇಳಿದಳು:

"ನೀ ಅವತ್ತ ಇಲ್ಲ ಅಂದಿದ್ದು ಛಲೋ ಮಾಡಿದಿ ಅನ್ನವ್ವ."

ನನ್ನ ಮನಸ್ಸು ಹಗುರಾಗಲೆಂದು ಹೇಳಿದಳೋ ಏನೋ. ಇಂದಿಗೂ ರೊಟ್ಟಿ ಬಡಿಯುವಾಗ ಆ ಮಾತು ನೆನಪಾಗಿ ಕೈ ನಿಲ್ಲುತ್ತದೆ.

ಮುಂದಿನ ಹನ್ನೆರಡು ವರ್ಷ ಸಾತವ್ವ ಹಾಗೆಯೇ ಮನೆ ನಡೆಸಿದಳು. ಕರೆವ್ವನನ್ನು ಹುನ್ನೂರಿಗೆ ಒಬ್ಬ ರೈತನಿಗೆ ಕೊಟ್ಟರು. ಬಾಳು ಮ್ಯಾಟ್ರಿಕ್ ಪಾಸಾಗಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾದ. ಅವನ ಮೊದಲ ಪಗಾರ ಬಂದ ದಿನ ಆ ಮನೆಯಲ್ಲಿ ಎರಡು ಹೊತ್ತೂ ಒಲೆ ಹತ್ತಿತು. ತಾರವ್ವನಿಗೆ ಹೊಸ ಲಂಗ ಬಂತು. ಸಾತವ್ವ ಮಾತ್ರ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಮಗ ಬೈಯುತ್ತಿದ್ದ, "ಈಗರ ಉಣ್ಣ ಬೇ, ಏನ ಕಮ್ಮಿ ಐತಿ?" ಎಂದು. ಅದು ರೂಢಿ ಎಂದು ನಾವೆಲ್ಲ ತಿಳಿದೆವು. ಅವಳೂ ಹಾಗೆಯೇ ಹೇಳುತ್ತಿದ್ದಳು. ಖರೆ ಹೇಳಬೇಕೆಂದರೆ ಉಂಡದ್ದು ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಎರಡು ವರ್ಷ ಅಜವಾನದ ನೀರು ಕುಡಿದು ನೋವು ಮುಚ್ಚಿಟ್ಟಿದ್ದಳು. ಡಾಕ್ಟರ ಹತ್ತಿರ ಹೋದರೆ ತಾರವ್ವನ ಮದುವೆಗೆಂದು ಕೂಡಿಸಿದ್ದು ಕರಗುತ್ತದೆಂಬ ಹೆದರಿಕೆ.

ತೊಂಬತ್ತೊಂದರಲ್ಲಿ, ತಾರವ್ವನ ಮದುವೆಯಾದ ಮೂರನೆಯ ತಿಂಗಳು, ನಳದ ಹತ್ತಿರ ಕೊಡ ಎತ್ತುವಾಗ ಬಿದ್ದಳು. ಮೀರಜಿನಲ್ಲಿ ಹೊಟ್ಟೆಯ ಫೋಟೋ ತೆಗೆದು ನೋಡಿ, ಗಡ್ಡೆ ಬಹಳ ಬೆಳೆದಿದೆ, ಮನೆಗೆ ಕರಕೊಂಡು ಹೋಗಿ ಎಂದರು. ಬಾಳು ಅಲ್ಲಿಯ ವರಾಂಡದಲ್ಲಿ ಕೂತು ಹಣೆ ಚಚ್ಚಿಕೊಂಡನಂತೆ. ಸಾತವ್ವ ಅವನನ್ನು ಎಬ್ಬಿಸಿ, ಸಂಜೆಯ ಬಸ್ಸು ತಪ್ಪಿದರೆ ವಸ್ತಿಗೆ ಮತ್ತೆ ಖರ್ಚು ಎಂದಳಂತೆ.

ಕೊನೆಯ ವಾರ ಕರೆವ್ವ ಹುನ್ನೂರಿನಿಂದ ಬಂದು ತಾಯಿಯ ಕಾಲು ಒತ್ತುತ್ತ ಕೂತಿದ್ದಳು. ನಾನು ಗಂಜಿ ಒಯ್ದಿದ್ದೆ.

"ಸಾಲಿ ಬಿಡಿಸಿದ್ದು ಸಿಟ್ಟೈತೇನ ಬೇ?" ಎಂದು ಸಾತವ್ವ ಕೇಳಿದಳು.

ಕರೆವ್ವ "ಐತಿ" ಅಂದಳು. ಒತ್ತುವುದನ್ನು ನಿಲ್ಲಿಸಲಿಲ್ಲ.

ಸಾತವ್ವ ಕಣ್ಣು ಮುಚ್ಚಿಕೊಂಡಳು. "ಇರಲಿ" ಅಂದಳು.

ಮೂರನೆಯ ದಿನ ಬೆಳಗಿನಲ್ಲಿ ಹೋದಳು. ನಲವತ್ತೈದೂ ತುಂಬಿರಲಿಲ್ಲ.

ಬಾಳುವಿಗೆ ಜಮಖಂಡಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಧರೆಪ್ಪ ಮಗನ ಜೊತೆ ಹೋಗಲಿಲ್ಲ. ಕರೆವ್ವನೇ ಬಂದು ಅವನನ್ನು ಹುನ್ನೂರಿಗೆ ಕರೆದೊಯ್ದಳು. ಹೊರಡುವ ದಿನ ಧರೆಪ್ಪ ನಮ್ಮ ಬಾಗಿಲಿಗೆ ಬಂದು ನಿಂತು, ಕೈ ಮುಗಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಲಗಣ್ಣಿಗೂ ಪೊರೆ ಬರುತ್ತಿತ್ತು. ಕರೆವ್ವ ಅವನ ರಟ್ಟೆ ಹಿಡಿದುಕೊಂಡು, ಗಟಾರು ಬಂದಲ್ಲೆಲ್ಲ ನಿಲ್ಲಿಸಿ ದಾಟಿಸುತ್ತ ಹೋದಳು.