ಕುವೇತಿನ ಗರಗಸ, ಖಾನಾಪುರದ ಎಮ್ಮಿ

ಎಂಬತ್ತರ ದಶಕದಾಗ ಕುವೇತಿನಿಂದ ಬಂದವರು ಟೇಪ್ ರೆಕಾರ್ಡರ್ ತರ್ತಿದ್ರು, ಸೆಂಟು ತರ್ತಿದ್ರು. ಖಾನಾಪುರದಾಗ ನಮ್ಮ ಬಾಜೂ ಮನಿ ಚಾಚಾನ ಅಳಿಯ ಕರೆಂಟಿನ ಗರಗಸ ತಂದ! ಅಲ್ಲಿ ಪೈಪ್ ಕೊಯ್ಯೂ ಕೆಲಸ ಮಾಡ್ತಿದ್ದನಂತ. ಮೂತ್ಯಾಗ ಗೇಣುದ್ದದ ಬ್ಲೇಡು; ಗುಂಡಿ ಒತ್ತಿದರ ಸರ್ರಂತ ಹಿಂದ-ಮುಂದ ಓಡತಿತ್ತು. ಓಣಿ ಮಂದಿ ನಕ್ಕಿದ್ದೇ ನಕ್ಕಿದ್ದು. ನನಗ ಮಾತ್ರ ಅದು ಕೊಯ್ಯೂದು ನೋಡಬೇಕಂತ ಭಾಳ ಹುಚ್ಚು.

ಆ ಹುಚ್ಚು ನಮ್ಮ ಎಮ್ಮಿನೇ ಬಿಡಿಸ್ತು. ತುಂಬಿದ ಗಬ್ಬದ ಎಮ್ಮಿ, ದನದ ಮನಿ ಕಿಡಕಿ ಆಚಿ ನೆನಸಿಟ್ಟ ಹತ್ತಿಕಾಳಿನ ವಾಸನಿಗೆ ಕಿಡಕಿಯ ಕಬ್ಬಿಣದ ಸರಳಿನ ನಡುವ ತಲಿ ತೂರಿಸಿತು. ಕೋಡು ಸೊಟ್ಟ ಮಾಡಿ ಹೋದ ತಲಿ ಹೊಳ್ಳಿ ಬರವಲ್ದು! ಎಳದಷ್ಟೂ ಕುತಗಿ ಬಿಗೀತು, ನಾಲಿಗಿ ಹೊರಗ ಬಂತು. ಒಬ್ಬ ಎಣ್ಣಿ ಹಚ್ಚರಿ ಅಂದ, ಇನ್ನೊಬ್ಬ ಮರಾಠ್ಯಾಗ ಕೋಡು ಕಡೀರಿ ಅಂದ. "ಮೊದಲ ನನ್ನ ಕೈ ಕಡಿ, ಆಮ್ಯಾಲೆ ಅದರ ಕೋಡು," ಅಂತ ನಮ್ಮತ್ತಿ, ನನ್ನ ಗಂಡನ ಅವ್ವ, ಅವನ ಮೈಮ್ಯಾಲೆ ಹ್ವಾದ್ರು.

ನಾನು ಓಡಿಹೋಗಿ ಚಾಚಾನ ಅಳಿಯನ್ನ ಕರಕೊಂಡು ಬಂದೆ. ವಾಯರ್ ಚುಚ್ಚಿ ಗುಂಡಿ ಒತ್ತಬೇಕು, ಅಷ್ಟರಾಗ ಅತ್ತಿ, "ತಡೀಪಾ, ಹೊಸಾ ಹತ್ಯಾರ, ಹಂಗ ಸುರು ಮಾಡಬಾರ್ದು," ಅಂತ ಅದಕ್ಕ ಈಬತ್ತಿ ಬಳದು, ದೇವರ ಜಗಲಿ ಮ್ಯಾಲಿನ ಚೆಂಡಹೂವಿನ ಮಾಲಿ ತಂದು ಅದರ ಮೂತಿಗೇ ಸುತ್ತಿದ್ರು. ಹಿರೇರಿಗೆ ಬ್ಯಾಡ ಅನ್ನಾಕ ಅವನಿಗೆ ಬಾಯಿ ಬರಲಿಲ್ಲ. ಒತ್ತಿದ. ದಾರ ಬ್ಲೇಡಿಗೆ ಸುತಗೊಂಡು, ಹೂವಿನ ಎಸಳು ಎಲ್ಲಾರ ಮೈಮ್ಯಾಲೆ ಅಕ್ಕಿಕಾಳಿನಂಗ ಬಿದ್ದು, ಮಷೀನು ಗಕ್ಕನ ನಿಂತಿತು. ಒಂದು ಕಡೆ ನನಗ ನಗು ತಡ್ಯಾಕ ಆಗವಲ್ದು, ಎಮ್ಮಿ ಕಣ್ಣು ನೋಡಿದರ ಅಳು.

ಅವ ಮೊದಲ ವಾಯರ್ ಕಿತ್ತ. ದಾರ ಬಿಡಿಸಿ, ಬ್ಲೇಡು ಬಿಗಿಮಾಡಿ, "ಅಕ್ಕಾ, ಸೆರಗು ಬಿಗಿ ಕಟ್ಟರಿ. ಬ್ಲೇಡಿನ ತುದಿ ಸರಳು ದಾಟಿ ಆಚಿ ಬರ್ತೈತಿ, ಕುತಗಿಗೆ ಅಡ್ಡ ಏನರ ಗಟ್ಟಿದ್ದು ಹಿಡೀರಿ," ಅಂದ. ನಾನು ಚಪಾತಿ ಲಟ್ಟಿಸೂ ಮಣಿ ತಂದು ನಡುವ ತುರುಕಿ ಹಿಡದೆ. ಬ್ಲೇಡಿನ ಬುಡಕ ಮಷೀನಿನ ಮೂತಿಗಿದ್ದ ತಗಡನ್ನ ಅವ ಸರಳಿಗೆ ಒತ್ತಿಹಿಡದ. "ಇದು ಸಡ್ಲಾತಂದ್ರ ಮಷೀನು ಕುಣೀತೈತಿ," ಅಂತ ಹೇಳಿ, ಸಾವಕಾಶ ಸುರು ಮಾಡಿ ಆಮ್ಯಾಲೆ ಜೋರು ಬಿಟ್ಟ. ಅಬ್ಬಬ್ಬಾ! ಕಬ್ಬಿಣದ ಪುಡಿ ರವಾದಂಗ ಉದುರಾಕತ್ತಿತು. ನನ್ನ ಮೊಣಕೈ ತನಕ ಝುಂ ಅಂತಿತ್ತು. ಅಂಜಿಕಿನೂ ಖುಷಿನೂ ಕೂಡೇ ಬಂದ್ರ ಹೆಂಗಿರ್ತದಂತ ಅವತ್ತ ತಿಳೀತು.

ಇನ್ನೊಂದೀಟ ಉಳದಿತ್ತು, ಎಮ್ಮಿ ಗೋಣು ಒಗೀತು. ಮಣಿ ಜಾರಿ ಬಿತ್ತು, ನನ್ನ ಕೈ ಸರಳಿಗೂ ಕುತಗಿಗೂ ನಡುವ ಸಿಕ್ಕೊಂತು. ಗರಗಸದ ಸಪ್ಪಳದಾಗ ನನ್ನ ಕೂಗು ಅವನಿಗೆ ಕೇಳಲೇ ಇಲ್ಲ. ಅತ್ತಿ ಗ್ವಾಡಿಗೆ ಹಾರಿ ವಾಯರ್ ಹಿರದ್ರು.

"ಎಮ್ಮಿ ಸತ್ತರ ಸಾಯಲಿ, ಮೊದಲ ಆಕಿ ಕೈ ತಗೀ!"

ಕೈ ಹೊರಗ ಬಂತು. ಕೊಯ್ಯದ ಉಳದಿದ್ದ ಈಟ ಸರಳನ್ನ ಅವ ಕಬ್ಬಿಣದ ಹಾರಿಲೇ ಮೀಟಿದ. ಟಣ್ ಅಂತ ಮುರದು, ಎಮ್ಮಿ ಹಿಂದ ಸರದು ಒದರಿತು, ಓಣಿ ಮಂದಿ ಹೋ ಅಂದ್ರು. ಅತ್ತಿ ಆ ಕಡೆ ಹೊಳ್ಳಿ ಸೈತ ನೋಡಲಿಲ್ಲ. ನನ್ನ ಬೆರಳು ಒಂದೊಂದ ಮಡಚಿ ಬಿಚ್ಚಿ ನೋಡಕೋತ, "ಖೋಡಿ, ನಿನಗೇನರ ಆಗಿದ್ರ ನಾ ಏನ್ ಮಾಡ್ಲಿ," ಅಂತ ಬೈಯಾಕತ್ತಿದ್ರು.