ಅಣ್ಣ ತರಿಸಿದ ಕೊಬ್ಬು ಕರಗಿಸುವ ಮಾತ್ರೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಡಬ್ಬಿ ಕೆಂಪಗಿತ್ತು ಎಂದು ನನ್ನ ನೆನಪು. ಅಣ್ಣ ಹಳದಿ ಎನ್ನುತ್ತಾನೆ. ಇಸವಿ ಎಂಬತ್ತೊಂದೋ ಎಂಬತ್ತೆರಡೋ, ಅದೂ ಗಟ್ಟಿಯಿಲ್ಲ. ನಾನು ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ ಎಂಬುದಷ್ಟೇ ಖಚಿತ. ಆಗಲೂ ದಿನಚರಿ ಬರೆಯುತ್ತಿದ್ದೆ, ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಆದರೆ ಇಲ್ಲಿ ಹೇಳಬೇಕೆಂದಿರುವ ಮುಖ್ಯ ಸಂಗತಿ ಅದರಲ್ಲಿಲ್ಲ. ಬರೆಯಲು ಧೈರ್ಯ ಇರಲಿಲ್ಲ.

ನಾವು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಗುಬ್ಬಿಯಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಪಿಯುಸಿಯನ್ನು ಎರಡು ಸಲ ಕಟ್ಟಿ ಕೈಬಿಟ್ಟಿದ್ದ. ಅವನ ಜೀವವೆಲ್ಲ ಗರಡಿಯಲ್ಲಿತ್ತು. ಹಳೇ ಹಂಚಿನ ಗರಡಿ ಅದು. ಮಣ್ಣಿನ ಅಖಾಡದ ಮೇಲೆ ಸಿಮೆಂಟು ಹಾಕಿ, ಕಬ್ಬಿಣದ ಪ್ಲೇಟು, ಬಾರು, ಒಂದು ನಿಲುವುಗನ್ನಡಿ ತಂದಿಟ್ಟಿದ್ದರು. ಕುಸ್ತಿಯ ಹುಡುಗರು ಕಡಿಮೆಯಾಗಿ, ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಳ್ಳುವವರು ಹೆಚ್ಚಾಗಿದ್ದರು.

ಆ ವರ್ಷ ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆ ನಮ್ಮೂರಿನಲ್ಲೇ ಇತ್ತು. ಅಲ್ಲಿ ಗೆದ್ದರೆ ರಾಜ್ಯಮಟ್ಟ, ಅಲ್ಲಿ ಹೆಸರು ಮಾಡಿದರೆ ಯಾವುದಾದರೂ ಕಾರ್ಖಾನೆಯಲ್ಲಿ ಕ್ರೀಡಾ ಕೋಟಾದ ಕೆಲಸ. ಇದು ಅಣ್ಣನ ಯೋಚನೆ. ಅಪ್ಪನ ಯೋಚನೆ ಬೇರೆ.

“ಇದೊಂದು ಸಲ ನೋಡ್ತೀನಿ. ಆಗ್ಲಿಲ್ವೋ, ಸುಮ್ನೆ ಕುಣಿಗಲ್ಗೆ ಹೋಗಿ ನಿಮ್ಮ ಮಾವನ ಗಿರಣೀಲಿ ನಿಂತ್ಕೋ. ಎತ್ತೋದೇ ಇಷ್ಟ ಅಂದ್ರೆ ಅಲ್ಲಿ ಬೇಕಾದಷ್ಟು ಮೂಟೆ ಇದಾವೆ.”

ಕುಣಿಗಲ್ಲಿನ ಸೋದರಮಾವನಿಗೆ ಗಂಡುಮಕ್ಕಳಿರಲಿಲ್ಲ. ಹಿಟ್ಟಿನ ಗಿರಣಿ ನೋಡಿಕೊಳ್ಳಲು ಹೋದವನು ಮಾವನ ಮಗಳನ್ನು ಮದುವೆಯಾಗಿ ಅಲ್ಲೇ ಉಳಿಯಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ. ಅಣ್ಣನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವನು ನಿಲ್ಲಬೇಕೆಂದಿದ್ದುದು ಅರವತ್ತು ಕೆಜಿಯೊಳಗಿನ ವಿಭಾಗದಲ್ಲಿ. ಅದರ ಮೇಲಿನ ವಿಭಾಗದಲ್ಲಿ ಅವನಿಗಿಂತ ಎತ್ತರದ, ಹಳಬರಾದ ಇಬ್ಬರಿದ್ದರು. ಅವರ ಪಕ್ಕದಲ್ಲಿ ನಿಂತರೆ ತಾನು ಕಾಣುವುದೇ ಇಲ್ಲ ಎನ್ನುತ್ತಿದ್ದ. ಅವನ ತೂಕ ಅರವತ್ತನಾಲ್ಕು. ಹೊಟ್ಟೆಯ ಮೇಲೊಂದು ತೆಳು ಪದರ ಏನು ಮಾಡಿದರೂ ಹೋಗುತ್ತಿರಲಿಲ್ಲ. ಆಗ ಗರಡಿಯ ಹುಡುಗರ ಬಾಯಲ್ಲೆಲ್ಲ ಒಂದೇ ಮಾತ್ರೆಯ ಹೆಸರು. ಪತ್ರಿಕೆಯಲ್ಲಿ ಜಾಹೀರಾತು ಬರುತ್ತಿತ್ತು: ಒಂದು ಚಿತ್ರದಲ್ಲಿ ಹೊಟ್ಟೆಯವನು, ಇನ್ನೊಂದರಲ್ಲಿ ಹೊಟ್ಟೆಯಿಲ್ಲದವನು. ಅವರಿಬ್ಬರೂ ಬೇರೆ ಬೇರೆ ಮನುಷ್ಯರೆಂದು ನನಗನ್ನಿಸಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ನೆನಪಿಲ್ಲ.

ಗರಡಿಯಲ್ಲಿ ಕಲಿಸುತ್ತಿದ್ದ ಉಸ್ತಾದರು ಒಂದು ಸಂಜೆ ನಮ್ಮ ಕಿಟಕಿಯ ಪಕ್ಕ ಸೈಕಲ್ ನಿಲ್ಲಿಸಿ ಅವನನ್ನು ಬೈದದ್ದು ಮಾತ್ರ ಚೆನ್ನಾಗಿ ನೆನಪಿದೆ.

“ಲೋ, ಡಬ್ಬಿ ತಿಂದು ಯಾವನೂ ಬಾಡಿ ಮಾಡಿಲ್ಲ ಕಣ್ಲಾ. ಬಾಯಿ ಕಟ್ಟು, ಸಾಕು. ಆ ಕಾಸಿಗೆ ಮೊಟ್ಟೆ ತಿನ್ನು.”

“ನಮ್ಮನೇಲಿ ಮೊಟ್ಟೆ ತರಂಗಿಲ್ಲ, ಉಸ್ತಾದ್.”

“ಹಂಗಾದ್ರೆ ಕಡ್ಲೆ ತಿನ್ನು! ಅದಕ್ಕೂ ನಿಮ್ಮಪ್ಪನ ಕೇಳ್ಬೇಕಾ?”

ಅಣ್ಣ ತನ್ನ ವಾಚು ಮಾರಿ ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ.ಯಲ್ಲಿ ಡಬ್ಬಿ ತರಿಸಿದ. ಅದರೊಳಗೆ ಇಂಗ್ಲಿಷಿನಲ್ಲಿ ಒಂದು ಚೀಟಿ. ಓದಿ ಹೇಳು ಎಂದು ನನ್ನ ಕೈಗಿಟ್ಟ. ಮಾತ್ರೆಯಲ್ಲಿ ಏನೇನಿದೆ ಎಂಬುದು ಸ್ಪಷ್ಟವಾಗಿರಲಿಲ್ಲ. ಊಟ ಕಡಿಮೆ ಮಾಡಿ, ವ್ಯಾಯಾಮ ಮಾಡುತ್ತಾ ಸೇವಿಸಬೇಕು ಎಂದು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು.

“ಊಟ ಕಡಿಮೆ ಮಾಡಿ ವ್ಯಾಯಾಮ ಮಾಡಿದ್ರೆ ಹೆಂಗೂ ಇಳಿಯತ್ತಲ್ಲ ಅಣ್ಣ. ಮತ್ತೆ ಮಾತ್ರೆ ಯಾಕೆ?”

“ಬೇಗ ಇಳೀಲಿ ಅಂತ. ಸೈನ್ಸ್ ಓದಿದೀಯ, ಅಷ್ಟೂ ಗೊತ್ತಾಗಲ್ವಾ? ಅಮ್ಮಂಗೆ ಟಾನಿಕ್ಕು ಅಂತ ಹೇಳಿದೀನಿ. ನೀನು ಬಾಯಿ ಬಿಡಬೇಡ.”

ನಾನು ಮಾತು ಕೊಟ್ಟೆ.

ಹತ್ತು ಹದಿನೈದು ದಿನಗಳಲ್ಲಿ ಅವನ ಕೈ ಸಣ್ಣಗೆ ನಡುಗತೊಡಗಿತು. ಕಣ್ಣು ಕೆಂಪಾದವು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ. ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದೂ ಅವನೇ ಹೇಳುತ್ತಿದ್ದ. ಎಣ್ಣೆ, ತುಪ್ಪ, ಅನ್ನ ಬಿಟ್ಟು ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು, ರಾತ್ರಿ ಬರೀ ಮಜ್ಜಿಗೆ. ಮುದ್ದೆಯನ್ನು ಅಗಿಯುವ ಹಾಗಿಲ್ಲವಲ್ಲ. ಸಾರಿನಲ್ಲಿ ಅದ್ದಿ ತಲೆ ಬಗ್ಗಿಸಿಕೊಂಡು ನುಂಗಿ ಏಳುತ್ತಿದ್ದ.

ಒಂದು ದಿನ ಕಾಲೇಜಿನಿಂದ ಬೇಗ ಬಂದೆ. ಅಮ್ಮ ಅಣ್ಣನ ಮುದ್ದೆಯನ್ನು ಬೇರೆಯಾಗಿ ತೆಗೆದು, ಬಿಸಿಬಿಸಿಯಿರುವಾಗಲೇ ಬೆರಳಿಂದ ಕುಳಿ ಮಾಡಿ, ನಿಂಬೆಹಣ್ಣಿನಷ್ಟು ಬೆಣ್ಣೆಯಿಟ್ಟು ಮತ್ತೆ ಉಂಡೆ ಕಟ್ಟುತ್ತಿದ್ದಳು. ಗೂಳೂರಿನಿಂದ ವಾರಕ್ಕೊಮ್ಮೆ ಒಬ್ಬಾಕೆ ತರುತ್ತಿದ್ದ ಬೆಣ್ಣೆ. ನಾನು ಬಾಗಿಲಲ್ಲೇ ನಿಂತೆ.

“ಏನಮ್ಮಾ ಇದು?”

“ಶ್! ಆ ಟಾನಿಕ್ಕು ಉಷ್ಣ ಕಣೇ. ಕಣ್ಣು ನೋಡಿದೀಯ, ಕೆಂಡ. ಕೈ ನಡುಗ್ತವೆ. ಬೆಣ್ಣೆ ತಂಪು. ಎದುರಿಗೆ ಹಾಕಿದ್ರೆ ತಟ್ಟೆ ಬಿಟ್ಟು ಎದ್ದೋಗ್ತಾನೆ.”

“ಅವನು ತೂಕ ಇಳಿಸ್ಬೇಕು ಅಂತ...”

“ಇಳಿದಿದ್ದು ಸಾಕು. ಕೆನ್ನೆ ಒಳಕ್ಕೆ ಹೋಗಿದಾವೆ. ಪಕ್ಕದ ಮನೆಯೋರು ನಗ್ತಾ ಕೇಳ್ತಾರೆ, ಮಗನಿಗೆ ಊಟ ಹಾಕಲ್ವೇನ್ರೀ ಅಂತ. ನೀನು ಹೇಳಿದ್ರೆ ನನ್ನಾಣೆ.”

ಅಲ್ಲಿಗೆ ಎರಡು ಕಡೆಯೂ ನನ್ನ ಬಾಯಿ ಹೊಲಿದ ಹಾಗಾಯಿತು. ಅದು ಟಾನಿಕ್ಕಲ್ಲ ಎಂದರೆ ಅಣ್ಣನಿಗೆ ಕೊಟ್ಟ ಮಾತು ಹೋಗುತ್ತದೆ, ಸುದ್ದಿ ಅಪ್ಪನಿಗೆ ಮುಟ್ಟುತ್ತದೆ, ಸ್ಪರ್ಧೆ ಅಂದೇ ಮುಗಿಯುತ್ತದೆ. ಬೆಣ್ಣೆಯ ವಿಷಯ ಹೇಳಿದರೆ ಅಮ್ಮನ ಆಣೆ, ಅವಳು ಕಟ್ಟಿದ ಮುದ್ದೆಯನ್ನು ಅಣ್ಣ ಮತ್ತೆಂದೂ ಮುಟ್ಟುವುದಿಲ್ಲ. ಮಾತ್ರೆ ತಿಂದಷ್ಟೂ ಕೈ ನಡುಗುತ್ತಿತ್ತು, ಕೈ ನಡುಗಿದಷ್ಟೂ ಅಮ್ಮ ಬೆಣ್ಣೆ ಹೆಚ್ಚಿಸುತ್ತಿದ್ದಳು, ತೂಕ ನಿಂತಲ್ಲೇ ನಿಂತದ್ದು ಕಂಡು ಅಣ್ಣ ಇನ್ನೊಂದು ಮಾತ್ರೆ ನುಂಗುತ್ತಿದ್ದ. ಇಷ್ಟೂ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ದಿನಚರಿಯಲ್ಲಾದರೂ ಬರೆಯೋಣವೆಂದರೆ, ಅಣ್ಣ ತನ್ನ ತೂಕವನ್ನು ಅದರಲ್ಲೇ ಬರೆಸುತ್ತಿದ್ದ. ಹಳೆಯದಕ್ಕೆ ಹೋಲಿಸಲು ಆಗಾಗ ಪುಟ ತಿರುವುತ್ತಿದ್ದ.

ತೂಗಿಸಿಕೊಳ್ಳುತ್ತಿದ್ದುದು ಮಂಡಿಪೇಟೆಯ ಕೊಬ್ಬರಿ ಮಂಡಿಯಲ್ಲಿ, ಮೂಟೆ ತೂಗುವ ತಕ್ಕಡಿಯ ಮೇಲೆ. ಪ್ರತಿ ವಾರ ಹಮಾಲರು ಕೆಲಸ ಬಿಟ್ಟು ಸುತ್ತ ನಿಲ್ಲುತ್ತಿದ್ದರಂತೆ.

“ಏನ್ಲಾ, ಹೋದ ವಾರಾನೂ ಇಷ್ಟೇ ತೂಗಿದ್ದೆ. ಒಣಗದೇ ಇರೋ ಕೊಬ್ಬರಿ ಕಣ್ಲಾ ನೀನು!”

ಅವನು ಇದನ್ನು ನಗುತ್ತಲೇ ಬಂದು ಹೇಳಿದ. ನಾನು ನಗಲಿಲ್ಲ. ಅರವತ್ತೊಂದೂವರೆ ಎಂದು ಬರೆದುಕೊಂಡೆ. ಆ ಸಂಖ್ಯೆ ಮೂರು ವಾರ ಹಾಗೆಯೇ ಇದೆ. ಕೊನೆಯದರ ಕೆಳಗೆ ಪೆನ್ನು ಒತ್ತಿ ಹಿಡಿದ ಗುರುತೊಂದಿದೆ, ಮುಂದೆ ಏನೂ ಇಲ್ಲ.

ಸ್ಪರ್ಧೆಗೆ ಎರಡು ವಾರವಿರುವಾಗ ಡಬ್ಬಿ ಖಾಲಿಯಾಯಿತು. ಅಣ್ಣ ನಡುಮನೆಯಲ್ಲಿ ನನ್ನೆದುರು ಕೂತ. ಅಡುಗೆಮನೆಯಲ್ಲಿ ಅಮ್ಮ ಕೋಲಿನಿಂದ ಮುದ್ದೆ ತಿರುವುತ್ತಿದ್ದಳು.

“ಇನ್ನೊಂದು ಡಬ್ಬಿ ತರಿಸ್ಲಾ? ಗರಡಿಯೋರ ಹತ್ರ ಇದೆ, ಸೈಕಲ್ ಕೊಟ್ರೆ ಕೊಡ್ತಾರೆ. ಓದಿರೋಳು ನೀನು, ಹೇಳು. ತಗೋಬಹುದಾ, ದಂಡಾನಾ?”

ಒಳಗೆ ಕೋಲಿನ ಸದ್ದು ನಿಂತಿತು. ನಿಂತಿತು ಎಂದು ನನಗೆ ನೆನಪು. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು: ಅದು ದಂಡ, ನೀನು ಇಳಿದ ಎರಡೂವರೆ ಕೆಜಿ ಬಾಯಿ ಕಟ್ಟಿದ್ದರಿಂದ ಇಳಿದದ್ದು, ಉಳಿದದ್ದು ಯಾಕೆ ಇಳಿಯುತ್ತಿಲ್ಲ ಎಂದು ನನಗೆ ಗೊತ್ತು. ನಾನು “ನಿನ್ನಿಷ್ಟ” ಎಂದೆ. ಅಣ್ಣನ ನೆನಪಿನಲ್ಲಿ ನಾನು ಹೇಳಿದ್ದು “ತರಿಸು” ಎಂದು. ಯಾವುದು ನಿಜವೋ ತಿಳಿಯದು. ನನ್ನ ನೆನಪು ನನ್ನನ್ನು ಉಳಿಸಲು ನೋಡುತ್ತಿದೆ ಎಂಬ ಅನುಮಾನ ಮಾತ್ರ ಇದೆ. ಸೈಕಲ್ ಹೋಯಿತು, ಇನ್ನೊಂದು ಡಬ್ಬಿ ಬಂತು.

ಸ್ಪರ್ಧೆಯ ಬೆಳಿಗ್ಗೆ ತೂಕದಲ್ಲಿ ಅವನು ಅರವತ್ತು ಮುಕ್ಕಾಲು. ಹಿಂದಿನ ದಿನವೆಲ್ಲ ನೀರು ಕೂಡ ಕುಡಿದಿರಲಿಲ್ಲ. ಮೇಲಿನ ವಿಭಾಗಕ್ಕೆ ಹಾಕಿದರು. ಆ ಇಬ್ಬರ ನಡುವೆ ನಿಂತು ತೋಳೆತ್ತಿದಾಗ ಅವನ ಕೈ ನಡುಗುವುದು ಕೆಳಗಿನಿಂದಲೂ ಕಾಣುತ್ತಿತ್ತಂತೆ. ಇದನ್ನು ಉಸ್ತಾದರು ಅಪ್ಪನಿಗೆ ಹೇಳಿದ್ದು, ನಾನು ಅಲ್ಲಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅಣ್ಣ ಒಂದು ಟ್ರಂಕು ಹಿಡಿದು ಕುಣಿಗಲ್ ಬಸ್ಸು ಹತ್ತಿದ. ಅಮ್ಮ ಬಸ್ಸಿನವರೆಗೂ ಬಂದಳು. ಅತ್ತಳು, ಆದರೆ ಅವಳ ಮುಖದಲ್ಲಿ ಏನೋ ಹಗುರವಾದಂತೆಯೂ ಕಂಡಿತು. ತನ್ನ ತಮ್ಮನ ಗಿರಣಿಗೆ ದಿಕ್ಕಾಯಿತೆಂದೋ, ಮಗ ಇನ್ನು ಹೊಟ್ಟೆತುಂಬ ಉಣ್ಣುತ್ತಾನೆಂದೋ. ಅವಳನ್ನು ಕೇಳುವ ಮೊದಲೇ ಅವಳು ತೀರಿಕೊಂಡಳು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಅಮ್ಮನ ವರ್ಷದ ಕಾರ್ಯ ಮುಗಿದ ಮೇಲೆ, ನಾನು ಕುಣಿಗಲ್ಲಿಗೆ ಹೋಗಿದ್ದೆ. ಅಷ್ಟರಲ್ಲಿ ಅಣ್ಣನಿಗೆ ಇಬ್ಬರು ಮಕ್ಕಳು. ಗಿರಣಿಯಲ್ಲಿ ಅವನ ಪಕ್ಕ ನಿಂತು, ಆಣೆಯ ಭಯ ಕಳೆದಿದೆ ಎಂದುಕೊಂಡು, ಬೆಣ್ಣೆಯ ಕಥೆಯನ್ನು ಪೂರ್ತಿ ಹೇಳಿದೆ. ಅವನು ಬೆಚ್ಚಿಬೀಳುತ್ತಾನೆ, ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ದಿದ್ದರೆ ಒಳ್ಳೆಯದಿತ್ತು. ಅವನು ಯಂತ್ರದ ಬಾಯಿಗೆ ಅಂಟಿದ್ದ ಹಿಟ್ಟನ್ನು ಬೆರಳಿಂದ ಕೆರೆಯುತ್ತಾ, “ಹೂಂ” ಎಂದ. ಅಷ್ಟೆ. ಆಗಲೇ ನನಗೆ ಹೊಳೆದದ್ದು: ತಿಂಗಳುಗಟ್ಟಲೆ ಜಿಡ್ಡು ಮುಟ್ಟದವನು, ಆ ಮುದ್ದೆಯನ್ನು ದಿನವೂ ತನ್ನ ಕೈಯಿಂದಲೇ ಮುರಿಯುತ್ತಿದ್ದ.

ಒಂದು ಮಾತು ಕೇಳಿದೆ, ಅವನು ಯಂತ್ರ ಚಾಲೂ ಮಾಡಿದ. ಆ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಆಮೇಲೆ ಕಾಗದದಲ್ಲೂ ಬರೆದು ಕೇಳಿದೆ. ಅವನ ಉತ್ತರದ ಕಾಗದ ಬಂತು, ಮಕ್ಕಳ ಶಾಲೆ, ಅತ್ತಿಗೆಯ ಮೊಣಕಾಲು ನೋವು, ಎಲ್ಲ ಇತ್ತು. ನಾನು ಕೇಳಿದ್ದಕ್ಕೆ ಮಾತ್ರ ಇವತ್ತಿಗೂ ಏನೂ ಹೇಳಿಲ್ಲ.

“ಅಣ್ಣ, ಕೈಗೆ ಬೆಣ್ಣೆ ಹತ್ತಿದ್ದು ನಿಂಗೆ ಗೊತ್ತಾಗ್ತಿರಲಿಲ್ವಾ?”